ನಿಜವಾದ ಸರ್ಕಾರಕ್ಕೆ ಇಷ್ಟು ಅವಸರ ಇರುವುದಿಲ್ಲ

ನನ್ನ ಸೋದರಮಾವ ವಿಜಯಪುರದಲ್ಲಿ ಹೈಸ್ಕೂಲ್ ಗಣಿತ ಮಾಸ್ತರರಾಗಿ ರಿಟೈರ್ ಆದವರು. ಕಳೆದ ವರ್ಷ ಒಂದು ಮಂಗಳವಾರ ಬ್ಯಾಂಕಿಗೆ ಹೋಗಿ, ಕೌಂಟರಿನ ಮುಂದೆ ನಿಂತು, ‘ಎಫ್‌ಡಿ ಮುರೀಬೇಕವ್ವಾ’ ಎಂದರು. ಅಂಗಿಯ ಕಿಸೆಯಲ್ಲಿ ಮೊಬೈಲ್ ಇತ್ತು. ಅದರ ಕ್ಯಾಮೆರಾ ಕಣ್ಣಷ್ಟೇ ಕಿಸೆಯ ಅಂಚಿನಿಂದ ಇಣುಕುತ್ತಿತ್ತು. ಕಾಲ್ ಚಾಲೂ ಇತ್ತು.

ಕೌಂಟರಿನಲ್ಲಿದ್ದ ಹುಡುಗಿ ಅವರ ಹಳೇ ವಿದ್ಯಾರ್ಥಿನಿ. ನಮ್ಮಂಥ ಊರಲ್ಲಿ ಮಾಸ್ತರರಿಗೆ ಇದೊಂದು ಅನುಕೂಲ. ಯಾವ ಆಫೀಸಿಗೆ ಹೋದರೂ ಅಲ್ಲೊಬ್ಬ ಶಿಷ್ಯ ಇದ್ದೇ ಇರುತ್ತಾನೆ. ‘ಯಾಕ್ರೀ ಸರ್, ಇನ್ನಾ ಎಂಟು ತಿಂಗಳು ಅದಲ್ಲ?’ ಎಂದು ಕೇಳಿದಳು. ಮಾವ ‘ಮಗಳ ಮದುವಿ’ ಎಂದರು. ಮಾವನಿಗೆ ಇರುವುದು ಒಬ್ಬಳೇ ಮಗಳು. ಅವಳ ಮದುವೆಯಾಗಿ ಹನ್ನೊಂದು ವರ್ಷ. ಆ ಮದುವೆಯಲ್ಲಿ ಇದೇ ಹುಡುಗಿ ಪಂಕ್ತಿಗೆ ಹೋಳಿಗೆ ಬಡಿಸಿದ್ದಳು.

ಅವಳು ಮತ್ತೇನೂ ಮಾತಾಡಲಿಲ್ಲ. ಹಣ ತೆಗೆಯುವ ಚೀಟಿಯೊಂದನ್ನು ತಿರುವಿ, ಹಿಂದೆ ಬರೆದು, ಗಾಜಿನ ಕೆಳಗಿಂದ ತಳ್ಳಿದಳು. ‘ಫೋನಿನಲ್ಲಿ ಯಾರಿದ್ದಾರೆ ಸರ್?’ ಮಾವ ಪೆನ್ನು ಹಿಡಿದರು. ನಲವತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದ ಕೈ. ‘ಪೊ’ ಅಂತ ಒಂದೇ ಅಕ್ಷರ ಬಿತ್ತು, ಮುಂದೆ ಬರೆಯಲಾಗಲಿಲ್ಲ. ಅವಳು ಎದ್ದು ಬಂದು, ಕಿಸೆಯಿಂದ ಮೊಬೈಲ್ ತೆಗೆದು, ಕಾಲ್ ಕಟ್ ಮಾಡಿದಳು.

ಅವಳಿಂದ ಬಚಾವಾದದ್ದು 14 ಲಕ್ಷ ರೂಪಾಯಿ. ಅವತ್ತು ಕೌಂಟರಿನಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾವು ಮನೆಯಲ್ಲಿ ಈಗಲೂ ಮಾತಾಡುವುದಿಲ್ಲ.

ಗಣಿತ ಕಲಿಸಿದ ಮನುಷ್ಯ, ಕಿರಾಣಿ ಬಿಲ್ಲನ್ನು ಎರಡು ಸಲ ಕೂಡಿಸಿ ನೋಡುವವರು, ಇದಕ್ಕೆ ಹೇಗೆ ಸಿಕ್ಕರು? ಆಮೇಲೆ ಅವರ ಬಾಯಿಂದಲೇ ಒಂದೊಂದಾಗಿ ಹೊರಬಂತು. ಬೆಳಗ್ಗೆ ಹತ್ತೂವರೆಗೆ ಒಂದು ಕರೆ. ಮನುಷ್ಯರದ್ದಲ್ಲ, ಯಂತ್ರದ ಧ್ವನಿ. ‘ನಿಮ್ಮ ಮೊಬೈಲ್ ನಂಬರ್ ಎರಡು ತಾಸಿನಲ್ಲಿ ಬಂದ್ ಆಗಲಿದೆ, ಹೆಚ್ಚಿನ ಮಾಹಿತಿಗೆ ಒಂಬತ್ತು ಒತ್ತಿ.’ ಒತ್ತಿದರು. ಆಮೇಲೆ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಸಂಸ್ಥೆಯ ಅಧಿಕಾರಿ ಅನ್ನುವವನು ಬಂದ. ನಿಮ್ಮ ಆಧಾರ್ ಮೇಲೆ ಮುಂಬೈಯಲ್ಲಿ ಇನ್ನೊಂದು ಸಿಮ್ ಇದೆ, ಅದರಿಂದ ಹೆಣ್ಣುಮಕ್ಕಳಿಗೆ ಅಸಹ್ಯ ಮೆಸೇಜ್ ಹೋಗಿವೆ ಎಂದ. ಅವನು ‘ಮುಂಬೈ ಪೊಲೀಸ’ನಿಗೆ ಲೈನ್ ಕೊಟ್ಟ. ಪೊಲೀಸ ವಾಟ್ಸ್ಆ್ಯಪ್ ವಿಡಿಯೊದಲ್ಲಿ ಬಂದ. ಖಾಕಿ ಡ್ರೆಸ್, ಹಿಂದೆ ಲಾಂಛನ, ಪಕ್ಕದಲ್ಲಿ ಧ್ವಜ. ಅಷ್ಟರಲ್ಲಿ ಸಿಮ್ ವಿಷಯ ಮಾಯವಾಗಿ ಮನಿ ಲಾಂಡರಿಂಗ್ ಕೇಸು ಆಗಿತ್ತು. ನಿಮ್ಮ ಖಾತೆಯ ಹಣವನ್ನೆಲ್ಲ ರಿಸರ್ವ್ ಬ್ಯಾಂಕಿನ ಖಾತೆಗೆ ಹಾಕಿ, ಪರಿಶೀಲಿಸಿ ನಾಳೆ ವಾಪಸ್ ಕೊಡುತ್ತೇವೆ. ಅಲ್ಲಿಯವರೆಗೆ ನೀವು ಡಿಜಿಟಲ್ ಅರೆಸ್ಟ್, ಅಂದರೆ ಕಾಲ್ ಕಟ್ ಮಾಡದೆ ನಮ್ಮ ಕಣ್ಣೆದುರೇ ಇರಬೇಕು. ಹೆಂಡತಿಗೂ ಹೇಳಕೂಡದು.

ಇದರಲ್ಲಿ ನನ್ನನ್ನು ತಟ್ಟಿದ್ದು ಹಣದ ಮಾತಲ್ಲ, ಆ ಮೊದಲ ಸುಳ್ಳು. ಕಳ್ಳತನ ಅಂದಿದ್ದರೆ ಮಾವ ಜಗಳಕ್ಕೆ ನಿಲ್ಲುತ್ತಿದ್ದರು. ಹೆಣ್ಣುಮಕ್ಕಳಿಗೆ ಅಸಹ್ಯ ಮೆಸೇಜ್ ಅಂದರೆ? ಮಾಸ್ತರರಾದವರು ಅದನ್ನು ಓಣಿಯಲ್ಲಿ ಯಾರಿಗೆ ಹೇಳಿಯಾರು? ಅವರು ಬಾಗಿಲು ಹಾಕಿಕೊಂಡಿದ್ದು ಪೊಲೀಸರ ಭಯಕ್ಕಲ್ಲ, ಮರ್ಯಾದೆಗೆ. ಮೋಸಗಾರರು ಹುಡುಕುವುದು ದಡ್ಡರನ್ನಲ್ಲ, ಮಾನಕ್ಕೆ ಅಂಜುವವರನ್ನು. ಒಬ್ಬಂಟಿ ಮಾಡಿದರೆ ಅರ್ಧ ಕೆಲಸ ಆದಂತೆ.

ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕವೊಂದಿದೆ. 2022ರಲ್ಲಿ ಡಿಜಿಟಲ್ ಅರೆಸ್ಟ್ ಮತ್ತು ಅದರ ಜಾತಿಯ ಮೋಸಗಳ ದೂರು ಸುಮಾರು 40 ಸಾವಿರ, ಹೋದ ಹಣ 91 ಕೋಟಿ. 2024ರಲ್ಲಿ ದೂರು 1.23 ಲಕ್ಷ, ಹಣ 1,935 ಕೋಟಿ. ಇದನ್ನು ಮಾವನಿಗೆ ತೋರಿಸಿದೆ. ಪೇಪರಿನ ಅಂಚಿನಲ್ಲೇ ಭಾಗಿಸಿದರು. ‘ದೂರು ಮೂರು ಪಟ್ಟು, ರೊಕ್ಕ ಇಪ್ಪತ್ತೊಂದು ಪಟ್ಟು. ಅಂದ್ರ ಒಬ್ಬೊಬ್ಬರಿಂದ 23 ಸಾವಿರ ಎಳೀತಿದ್ದವರು ಈಗ ಒಂದೂವರೆ ಲಕ್ಷ ಎಳ್ಯಾಕತ್ತಾರ.’ ಲೆಕ್ಕ ಮಾಡುವಾಗ ಅವರ ಮುಖ ಸ್ವಲ್ಪ ಸಡಿಲಾಯಿತು. ತಾನೊಬ್ಬನೇ ಅಲ್ಲ ಅನ್ನುವುದೂ ಒಂದು ಸಮಾಧಾನವೇ.

ಸಿಕ್ಕಿಬಿದ್ದವರಲ್ಲಿ ದೊಡ್ಡವರೂ ಇದ್ದಾರೆ. 2024ರಲ್ಲಿ ವರ್ಧಮಾನ್ ಬಟ್ಟೆ ಉದ್ಯಮದ ಮುಖ್ಯಸ್ಥ ಎಸ್.ಪಿ. ಓಸ್ವಾಲ್ ಅವರಿಗೆ ವಿಡಿಯೊದಲ್ಲಿ ಸುಪ್ರೀಂ ಕೋರ್ಟಿನ ವಿಚಾರಣೆಯನ್ನೇ ನಾಟಕ ಮಾಡಿ ತೋರಿಸಿದರು. ಒಬ್ಬ ಮುಖ್ಯ ನ್ಯಾಯಮೂರ್ತಿಯ ಪಾತ್ರವನ್ನೂ ಹಾಕಿದ್ದ. 7 ಕೋಟಿ ಹೋಯಿತು. ಪೊಲೀಸರು ಅದರಲ್ಲಿ ಹೆಚ್ಚಿನ ಪಾಲನ್ನು ಹಿಂದಕ್ಕೆ ತಂದರು ಅನ್ನುವುದು ಬೇರೆ ಮಾತು.

ಈಗ ಅರೆಸ್ಟ್ ಅಂದರೆ ಏನು ನೋಡೋಣ. ಇದು ಗೊತ್ತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. 2024ರ ಜುಲೈ 1ರಿಂದ, ಬಂಧನ ಹೇಗೆ ಮಾಡಬೇಕು ಎಂದು ಹೇಳುತ್ತಿದ್ದ ಹಳೇ ಸಿಆರ್‌ಪಿಸಿ ಕಾಯ್ದೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 43ನೇ ಕಲಂ ಪ್ರಕಾರ ಬಂಧಿಸುವ ಪೊಲೀಸ್ ಆ ಮನುಷ್ಯನ ಮೈ ಮುಟ್ಟಬೇಕು ಇಲ್ಲವೇ ತಡೆದು ಹಿಡಿಯಬೇಕು. ಅವನಾಗಿಯೇ ಒಪ್ಪಿಸಿಕೊಂಡರೆ ಆ ಮಾತು ಬೇರೆ. ಅಂದರೆ ಪೊಲೀಸ್ ನಿಮ್ಮ ಎದುರಿಗೆ ಬಂದು ನಿಲ್ಲಬೇಕು. ಎದೆಯ ಮೇಲೆ ಹೆಸರು ಓದುವ ಹಾಗೆ ಇರಬೇಕು. ಬಂಧನದ ಕಾಗದ ಬರೆಯಬೇಕು, ಅದಕ್ಕೆ ಮನೆಯವರೋ ಓಣಿಯ ಹಿರಿಯರೋ ಸಾಕ್ಷಿ ಸಹಿ ಹಾಕಬೇಕು. ಕಾರಣ ಹೇಳಬೇಕು, ನಿಮ್ಮವರಿಗೆ ಸುದ್ದಿ ಮುಟ್ಟಿಸಬೇಕು. 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇದು ಸಂವಿಧಾನದಲ್ಲೇ ಇದೆ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಪೊಲೀಸ್ ಮತ್ತು ಮ್ಯಾಜಿಸ್ಟ್ರೇಟರ ಅನುಮತಿ ಬೇಕು.

ಒಮ್ಮೆ ಹೋಲಿಸಿ ನೋಡಿ. ಅಸಲಿ ಬಂಧನದಲ್ಲಿ ಮನೆಯವರಿಗೆ ಹೇಳಲೇಬೇಕು ಅನ್ನುತ್ತದೆ ಕಾನೂನು. ನಕಲಿ ಬಂಧನದಲ್ಲಿ ಮನೆಯವರಿಗೆ ಹೇಳಲೇಬಾರದು. ‘ಯಾರಿಗೂ ಹೇಳಬೇಡಿ’ ಅನ್ನುವ ಮಾತು ಬಂದ ಕೂಡಲೇ ಫೋನ್ ಇಟ್ಟುಬಿಡಿ. ಬೇರೆ ಯಾವ ಪರೀಕ್ಷೆಯೂ ಬೇಕಿಲ್ಲ.

ನೋಟಿಸ್ ವಿಷಯ ಸ್ವಲ್ಪ ಬೇರೆ. ಬಂಧನದ ಅಗತ್ಯ ಇಲ್ಲದ ಕೇಸಿನಲ್ಲಿ ಪೊಲೀಸರು 35ನೇ ಕಲಂ ಅಡಿ ‘ಬಂದು ಹೋಗಿ’ ಅಂತ ನೋಟಿಸ್ ಕೊಡುತ್ತಾರೆ. ಅದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ಜುಲೈನಲ್ಲಿ ಮತ್ತೊಮ್ಮೆ ಹೇಳಿತು. ಆದಾಯ ತೆರಿಗೆ ಇಲಾಖೆಯ ಪತ್ರ ಬಂದರೆ ಅದರ ಮೇಲೆ ಡಿಐಎನ್ ಅನ್ನುವ ನಂಬರ್ ಇರುತ್ತದೆ. 2019ರ ಅಕ್ಟೋಬರ್‌ನಿಂದ ಈ ಪದ್ಧತಿ ಇದೆ. ಇಲಾಖೆಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ. ಟ್ರಾಯ್ ಅಂತೂ ಯಾರ ನಂಬರನ್ನೂ ಬಂದ್ ಮಾಡುವುದಿಲ್ಲ, ಅದಕ್ಕಾಗಿ ಫೋನ್ ಕೂಡ ಮಾಡುವುದಿಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನಿಮ್ಮ ನಮ್ಮಂಥ ಜನ ಹಣ ಇಡುವ ಖಾತೆಯೇ ಇರುವುದಿಲ್ಲ. ಹಾಗಾಗಿ ‘ಆರ್‌ಬಿಐ ಸುರಕ್ಷಿತ ಖಾತೆ’ ಅನ್ನುವುದು ಮೊಲದ ಕೊಂಬು.

ಕಾನೂನಿನ ಕಲಂ ನೆನಪಿಡುವುದು ಎಲ್ಲರಿಗೂ ಆಗುವ ಕೆಲಸ ಅಲ್ಲ. ನನಗೆ ಹೊಳೆದದ್ದು ಇನ್ನೊಂದು, ಮತ್ತು ಮಾವನಿಗೆ ಹಿಡಿಸಿದ್ದೂ ಅದೇ. ಅವರ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿದೆ. ಅದನ್ನು ತಿದ್ದಿಸಲು ಅವರು ಒಂದು ಆಫೀಸಿಗೆ ಹದಿನಾಲ್ಕು ತಿಂಗಳಿಂದ ಓಡಾಡುತ್ತಿದ್ದಾರೆ. ‘ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ’, ‘ಸರ್ವರ್ ಡೌನ್’, ‘ಹೊಸ ಅರ್ಜಿ ಕೊಡ್ರಿ’. ‘ಮಾವಾ, ಒಂದು ಅಕ್ಷರ ತಿದ್ದಲು ಹದಿನಾಲ್ಕು ತಿಂಗಳು ತಗೊಳ್ಳುವ ಸರ್ಕಾರ, ಸಿಬಿಐ, ಇಡಿ, ಸುಪ್ರೀಂ ಕೋರ್ಟ್ ಎಲ್ಲ ಸೇರಿಸಿ ನಿಮ್ಮ ಕೇಸನ್ನು ಊಟದ ಹೊತ್ತಿಗೆ ಮುಗಿಸುತ್ತದಾ?’ ಅಂತ ಕೇಳಿದೆ. ಸುಮ್ನೆ ನನ್ನನ್ನೇ ನೋಡಿದರು. ‘ಇದು ಅವತ್ತ ಹೊಳೀಲಿಲ್ಲ ನೋಡು’ ಎಂದರು.

ತಮಾಷೆ ಅನ್ನಿಸಬಹುದು, ಆದರೆ ಕೆಲಸ ಮಾಡುವ ಒರೆಗಲ್ಲು ಇದೇ. ನಿಜವಾದ ಸರ್ಕಾರ ನಿಧಾನ. ಅದಕ್ಕೆ ಕಾಗದ ಬೇಕು, ಸೀಲು ಬೇಕು, ಇನ್ವರ್ಡ್ ನಂಬರ್ ಬೇಕು. ಮೋಸಗಾರನಿಗೆ ಮಾತ್ರ ಅವಸರ. ನೀವು ಐದು ನಿಮಿಷ ಯೋಚಿಸಿದರೆ, ಒಂದು ಕಪ್ ಚಾ ಕುಡಿದರೆ, ಪಕ್ಕದ ಮನೆಯವರನ್ನು ಕರೆದರೆ ಅವನ ಆಟ ಮುಗಿಯಿತು. ಅದಕ್ಕೇ ಅವನು ಕ್ಯಾಮೆರಾ ಆಫ್ ಮಾಡಲು ಬಿಡುವುದಿಲ್ಲ, ಬಚ್ಚಲಿಗೆ ಹೋಗಲೂ ಅನುಮತಿ ಕೇಳಿಸುತ್ತಾನೆ.

ಆಟ ಕೆಡಿಸಿದವರೂ ನಮ್ಮಲ್ಲಿದ್ದಾರೆ. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇಂಥ ಒಂದು ಕರೆಯನ್ನು ದೇಶಕ್ಕೆಲ್ಲ ಕೇಳಿಸಿದರಲ್ಲ, ಅದನ್ನು ರೆಕಾರ್ಡ್ ಮಾಡಿಕೊಂಡವರು ವಿಜಯಪುರದವರೇ. ಎದುರಿಗೆ ಡ್ರೆಸ್ ಹಾಕಿದವನು ಗದರಿಸುತ್ತಿದ್ದರೂ ಗಾಬರಿಯಾಗದೆ ಮಾತಾಡಿಸಿದ್ದರು. ನಮ್ಮೂರಿನ ಹೆಸರು ರೇಡಿಯೊದಲ್ಲಿ ಬಂದಾಗ ಮಾವನೂ ಖುಷಿಪಟ್ಟಿದ್ದರು. ಆಮೇಲೆ ತಮಗೇ ಕರೆ ಬಂದಾಗ ಅದು ನೆನಪಾಗಲಿಲ್ಲ. ಕಾಲರ್ ಟ್ಯೂನಿನಲ್ಲಿ ತಿಂಗಳುಗಟ್ಟಲೆ ಎಚ್ಚರಿಸಿದರು, ನಾವೆಲ್ಲ ‘ಯಾವಾಗ ಮುಗೀತದೋ ಇದು’ ಅಂತ ಬೈದುಕೊಂಡೇ ಕೇಳಿದೆವು. ಕೇಳಿದ್ದು ಹೊತ್ತಿಗೆ ಒದಗುವುದಿಲ್ಲ ಅನ್ನುವುದೇ ಇಲ್ಲಿನ ಪೇಚು. ಕಿವಿಯಲ್ಲಿ ಇದ್ದದ್ದು ಕೈಗೆ ಬರಬೇಕಾದರೆ ಮನೆಯಲ್ಲಿ ಒಮ್ಮೆ ಆಡಿ ನೋಡಬೇಕು. ನಾವು ಹಾಗೇ ಮಾಡಿದೆವು. ನನ್ನ ತಂಗಿ ಪಕ್ಕದ ಕೋಣೆಯಿಂದ ಅತ್ತೆಗೆ ಫೋನ್ ಮಾಡಿ ‘ಹಲೋ, ಸಿಬಿಐ ಸೇ ಬೋಲ್ ರಹೀ ಹ್ಞೂಂ’ ಎಂದಳು. ಅತ್ತೆ ‘ಹೌದೇನು, ಊಟ ಆತೇನ್ರಿ?’ ಎಂದರು. ಅತ್ತೆಯದು ಪಾಸು.

ಭಾಷೆಯ ಮಾತು ಬಂತು, ಹೇಳಿಬಿಡುತ್ತೇನೆ. ಮಾವನಿಗೆ ಬಂದ ಕರೆ ಪೂರ್ತಿ ಹಿಂದಿಯಲ್ಲಿತ್ತು. ನಮ್ಮ ಕಡೆ ಹಿಂದಿ, ಮರಾಠಿ ಎಲ್ಲರಿಗೂ ತಿಳಿಯುತ್ತದೆ, ಆದರೆ ಜಗಳ ಆಡುವಷ್ಟು ಬರುವುದಿಲ್ಲ. ಆ ಭಾಷೆಯಲ್ಲಿ ನಾವು ಬರೀ ‘ಜೀ ಸರ್’ ಆಗಿಬಿಡುತ್ತೇವೆ. ‘ಕನ್ನಡದಾಗ ಹೇಳ್ರಿ, ಇಲ್ಲಾ ಕಾಗದ ಕಳಸ್ರಿ’ ಅಂದುಬಿಟ್ಟರೆ ಅರ್ಧ ಜನ ಅಲ್ಲೇ ಬಿಡುತ್ತಾರೆ. ಹಾಗಂತ ಕನ್ನಡದಲ್ಲಿ ಮಾತಾಡಿದವರೆಲ್ಲ ನಮ್ಮವರು ಅಂತ ನಂಬಬೇಡಿ. ನಾಳೆ ಅವರೂ ಕನ್ನಡದವರನ್ನು ಇಟ್ಟುಕೊಂಡಾರು. ಈ ದಂಧೆಗೆ ಊರು, ಭಾಷೆ ಇಲ್ಲ. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದಲ್ಲೇ ಪೊಲೀಸರು ಒಂದು ನಕಲಿ ಕಾಲ್ ಸೆಂಟರ್ ಹಿಡಿದರು. ಮೂವತ್ತಕ್ಕೂ ಜಾಸ್ತಿ ಮಂದಿ ಸಿಕ್ಕರು. ಅಲ್ಲಿಂದ ಫೋನ್ ಹೋಗುತ್ತಿದ್ದದ್ದು ಅಮೆರಿಕದವರಿಗೆ. ಅಲ್ಲಿಯೂ ಯಾವುದೋ ಊರಿನ ಮಾಸ್ತರರೊಬ್ಬರು ಬಾಗಿಲು ಹಾಕಿಕೊಂಡು ಕೂತಿದ್ದಿರಬಹುದು, ಅಲ್ವಾ?

ಹಣ ಹೋಗಿಯೇಬಿಟ್ಟಿದ್ದರೆ? ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಇದು ಸೈಬರ್ ಮೋಸದ ದೂರಿಗೆ ಇಡೀ ದೇಶಕ್ಕೆ ಒಂದೇ ನಂಬರ್. ಯಾಕೆ ಅಷ್ಟು ಬೇಗ ಅಂದರೆ, ನೀವು ಕಳಿಸಿದ ಹಣ ಮೋಸಗಾರನ ಸ್ವಂತ ಖಾತೆಗೆ ಹೋಗುವುದಿಲ್ಲ. ಯಾರದೋ ಬಾಡಿಗೆ ಖಾತೆಗೆ ಬೀಳುತ್ತದೆ. ಅಲ್ಲಿಂದ ಕೆಲವೇ ನಿಮಿಷದಲ್ಲಿ ಹತ್ತಾರು ಖಾತೆಗಳಿಗೆ ಒಡೆದು ಹಂಚಿಹೋಗುತ್ತದೆ. ಕೊನೆಗೆ ಎಟಿಎಂನಿಂದ ನಗದಾಗಿಯೋ ಕ್ರಿಪ್ಟೊ ಆಗಿಯೋ ಹೊರಗೆ ಹೋಗುತ್ತದೆ. 1930ರಲ್ಲಿ ದೂರು ದಾಖಲಾದರೆ ಅದು ನಿಮ್ಮ ಬ್ಯಾಂಕಿಗೂ ಹಣ ಬಿದ್ದ ಬ್ಯಾಂಕಿಗೂ ಹೋಗುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ, ದಾಟಿದ್ದರೆ ಮುಂದಿನ ಬ್ಯಾಂಕಿಗೆ ದೂರು ಬೆನ್ನು ಹತ್ತುತ್ತದೆ. ಇದೊಂದು ಓಟದ ಪಂದ್ಯ. ಮೊದಲ ಒಂದೆರಡು ತಾಸು ಮುಖ್ಯ. ಫೋನ್ ಮಾಡುವಾಗ ಹಣ ಹೋದ ಸಮಯ, ಮೊತ್ತ, ವ್ಯವಹಾರದ ಯುಟಿಆರ್ ನಂಬರ್ (ಹಣ ಕಳಿಸಿದಾಗ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ) ಕೈಯಲ್ಲಿ ಇಟ್ಟುಕೊಳ್ಳಿ. ಆಮೇಲೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಜಾಲತಾಣದಲ್ಲಿ ಪೂರ್ತಿ ದೂರು ಕೊಡಬಹುದು. ಅಥವಾ ನೇರ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರರಲ್ಲೂ ಈ ಠಾಣೆ ಇದೆ. ತಡೆಹಿಡಿದ ಹಣ ಮರುದಿನವೇ ಬರುವುದಿಲ್ಲ. ಸಾಮಾನ್ಯವಾಗಿ ಕೋರ್ಟಿನ ಆದೇಶ ಬೇಕಾಗುತ್ತದೆ.

ಬ್ಯಾಂಕಿನಿಂದ ಪರಿಹಾರ ಸಿಗುತ್ತದೆ ಅಂತ ಹಲವರು ನಂಬಿದ್ದಾರೆ. ನಿಮಗೆ ಗೊತ್ತಿಲ್ಲದೆ ಹಣ ಹೋದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ರಕ್ಷಣೆ ಕೊಡುವ ನಿಯಮವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ತಂದಿತ್ತು, ಖರೆ. ಆದರೆ ಇಲ್ಲಿ ಹಣ ಕಳಿಸಿದ್ದು ನೀವೇ, ಸಹಿಯೂ ನಿಮ್ಮದೇ. ಅದಕ್ಕೇ ಈ ಮೋಸದಲ್ಲಿ ಹಣ ವಾಪಸ್ ಪಡೆಯುವುದು ಕಷ್ಟ.

ಬಾಡಿಗೆ ಖಾತೆ ಅಂದೆನಲ್ಲ, ಕಾಲೇಜು ಹುಡುಗರಿಗೆ ಒಂದು ಮಾತು. ‘ನಿನ್ನ ಖಾತೆ, ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ’ ಅನ್ನುವವರು ಬರುತ್ತಾರೆ. ಕೊಟ್ಟರೆ ಪೊಲೀಸರು ಮೊದಲು ಬಾಗಿಲು ಬಡಿಯುವುದು ನಿಮ್ಮದು. ಅದು ಅಸಲಿ ಪೊಲೀಸ್.

ಸಣ್ಣ ಮೋಸಗಳೂ ಇವೆ, ಬೇಗ ಹೇಳುತ್ತೇನೆ. ಬಿಲ್ ತುಂಬಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್, ಈ ನಂಬರಿಗೆ ಫೋನ್ ಮಾಡಿ ಅಂತ ಹೆಸ್ಕಾಂ ಹೆಸರಲ್ಲಿ ಬರುವ ಮೆಸೇಜ್. ಪಿಎಂ ಕಿಸಾನ್ ಕಂತು ನಿಂತಿದೆ, ಇ-ಕೆವೈಸಿ ಮಾಡಿ ಅಂತ ವಾಟ್ಸ್ಆ್ಯಪಿನಲ್ಲಿ ಬರುವ ಎಪಿಕೆ ಫೈಲ್, ಅಂದರೆ ಮೊಬೈಲಿಗೆ ಆ್ಯಪ್ ಹಾಕುವ ಫೈಲ್. ಗಾಡಿಗೆ ದಂಡ ಬಿದ್ದಿದೆ ಅಂತ ಆರ್‌ಟಿಒ ಹೆಸರಲ್ಲಿ ಬರುವ ಇನ್ನೊಂದು ಎಪಿಕೆ. ಈ ಫೈಲ್ ಒತ್ತಿ ಇನ್‌ಸ್ಟಾಲ್ ಮಾಡಿದರೆ ನಿಮಗೆ ಬರುವ ಒಟಿಪಿಯನ್ನು ಅವರು ಓದಬಲ್ಲರು. ಹೊಲದಲ್ಲಿ ದ್ರಾಕ್ಷಿಗೆ ಔಷಧ ಹೊಡೆಯುತ್ತಾ ನಿಂತವನಿಗೆ ಎರಡು ಸಾವಿರದ ಕಂತು ದೊಡ್ಡದೇ, ಒತ್ತಿಬಿಡುತ್ತಾನೆ. ಸರ್ಕಾರದ ಯಾವ ಯೋಜನೆಯೂ ವಾಟ್ಸ್ಆ್ಯಪಿನಲ್ಲಿ ಎಪಿಕೆ ಕಳಿಸುವುದಿಲ್ಲ. ಅನುಮಾನ ಇದ್ದರೆ ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ ಕೇಳಿ. ಹಣ ಹೋಗಿಲ್ಲ, ಬರೀ ಕರೆ ಬಂದಿದೆ ಅಂದರೆ ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ಆ ನಂಬರಿನ ಬಗ್ಗೆ ತಿಳಿಸಬಹುದು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತಲೂ ಅಲ್ಲೇ ಗೊತ್ತಾಗುತ್ತದೆ. ಮಾವ ಮೊದಲು ನೋಡಿದ್ದೇ ಅದನ್ನು. ಎರಡೇ ಇದ್ದವು, ಒಂದು ಅವರದು, ಒಂದು ಅತ್ತೆಯದು. ಮುಂಬೈಯ ಸಿಮ್ ಎಲ್ಲೂ ಇರಲಿಲ್ಲ. ಅದನ್ನು ನೋಡಿದ ಮೇಲೇ ಅವರು ಆ ರಾತ್ರಿ ಊಟ ಮಾಡಿದ್ದು.

ಒಂದು ಕಹಿ ಸಂಗತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನಲ್ಲಿ ಇಂಥದೇ ಕರೆಗೆ ಸಿಕ್ಕ ವೃದ್ಧ ದಂಪತಿ 50 ಲಕ್ಷಕ್ಕೂ ಜಾಸ್ತಿ ಕಳೆದುಕೊಂಡು, ಕೊನೆಗೆ ಜೀವವನ್ನೇ ಕಳೆದುಕೊಂಡರು. ಆ ಸುದ್ದಿ ಓದಿದಾಗ ನಾನು ‘ಇಷ್ಟು ಓದಿದವರು ಹೇಗೆ ನಂಬಿದರೋ’ ಅಂದಿದ್ದೆ. ಈಗ ಆ ಮಾತಿಗೆ ನಾಚಿಕೆಯಾಗುತ್ತದೆ. ಹಾಗೆ ಅನ್ನುವವರು ಮನೆಯಲ್ಲಿದ್ದರೆ ಮೋಸ ಹೋದವರು ಬಾಯಿ ಬಿಡುವುದಿಲ್ಲ, ಮೋಸಗಾರನಿಗೆ ಬೇಕಾದದ್ದೂ ಅದೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿ ಅವರು ಮಂಕಾಗಿ ಕೂತಿದ್ದರೆ ಬೈಯಬೇಡಿ, ಒಂಟಿ ಬಿಡಬೇಡಿ. ಮನಸ್ಸಿನ ಭಾರ ಹೇಳಿಕೊಳ್ಳಲು ಟೆಲಿ ಮನಸ್‌ನ 14416 ನಂಬರ್ ಇದೆ, ಕನ್ನಡದಲ್ಲೇ ಮಾತಾಡಬಹುದು. 

ಮಾವ ಈಗ ಗೊತ್ತಿಲ್ಲದ ನಂಬರ್ ಬಂದರೆ ಸ್ಪೀಕರ್ ಹಾಕಿ, ಅತ್ತೆಯನ್ನು ಕರೆದು, ಕಟ್ಟೆಯ ಮೇಲೆ ಕೂತು ಮಾತಾಡುತ್ತಾರೆ. ಹೋದ ವಾರ ನಾನು ಅಲ್ಲೇ ಇದ್ದಾಗ ಒಂದು ಕರೆ ಬಂತು. ‘ನಾವು ಆಫೀಸಿನಿಂದ ಮಾತಾಡೂದ್ರಿ’ ಎಂದಿತು ಆ ಕಡೆಯ ಧ್ವನಿ. ಮಾವನ ಬೆನ್ನು ನೆಟ್ಟಗಾಯಿತು. ‘ಯಾವ ಆಫೀಸು? ಏನಾಗಬೇಕು?’

‘ಉತಾರದ ಅರ್ಜಿ ಕೊಟ್ಟಿದ್ರಲ್ರೀ ಸರ್. ಅದರಾಗ ಒಂದು ಝೆರಾಕ್ಸ್ ಕಡಿಮಿ ಅದ. ನಾಳಿ ಬರಬ್ಯಾಡ್ರಿ, ಸಾಹೇಬ್ರು ರಜಾ ಅದಾರ. ಮುಂದಿನ ವಾರ ಬರ್ರಿ.’

ಮಾವ ಫೋನ್ ಇಟ್ಟು ನಮ್ಮಿಬ್ಬರ ಮುಖ ನೋಡಿದರು. ‘ಇದು ಖರೇ ಸರ್ಕಾರ’ ಎಂದು ಚಾ ತರಲು ಹೇಳಿದರು.